ಅರ್ಧಕ್ಕೆ ಬಿಟ್ಟ ಲೆಕ್ಕಕ್ಕೆ ವಾಪಸ್ ಬರುವ ದಾರಿ

ಏಪ್ರಿಲ್ ಬಂತೆಂದರೆ ಚಿಕ್ಕಮಗಳೂರಿನಲ್ಲಿ ಮನೆ ಕಟ್ಟಿಸುವವರೆಲ್ಲರದ್ದೂ ಒಂದೇ ಮಾತು. ಮಳೆಗೆ ಮುಂಚೆ ಮೋಲ್ಡ್ ಹಾಕಿಸಿಬಿಡಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಮೂಡಿಗೆರೆ, ಆಲ್ದೂರು ಕಡೆ ಹಸಿ ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆ ಒಣಗುವುದಿಲ್ಲ, ಜಲ್ಲಿ ಲಾರಿ ತೋಟದ ರಸ್ತೆ ಹತ್ತುವುದಿಲ್ಲ, ಕೆಲಸದವರು ಊರಿಗೆ ಹೊರಟುಬಿಡುತ್ತಾರೆ. ಹಾಗಾಗಿ ಏಪ್ರಿಲ್, ಮೇ ಎರಡು ತಿಂಗಳು ನನ್ನ ಮೇಜಿನ ಮೇಲೆ ಡ್ರಾಯಿಂಗ್‌ಗಳು ಬಂದು ಬೀಳುತ್ತಲೇ ಇರುತ್ತವೆ. ನಾನು ಸ್ಟ್ರಕ್ಚರಲ್ ಇಂಜಿನಿಯರ್. ಆರ್ಕಿಟೆಕ್ಟ್ ಮನೆಯ ಪ್ಲಾನ್ ಬರೆಯುತ್ತಾರೆ. ಆ ಮನೆ ನಿಲ್ಲಬೇಕಾದರೆ ಪಿಲ್ಲರ್ ಎಷ್ಟು ದಪ್ಪ, ಬೀಮಿಗೆ ಎಷ್ಟು ಕಂಬಿ, ಪಾಯ ಎಷ್ಟು ಅಗಲ ಅಂತ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಆಫೀಸು ಅಂತ ಬೇರೆ ಇಲ್ಲ, ಮನೆಯ ಮಹಡಿ ಮೇಲಿನ ರೂಮೇ ಆಫೀಸು.

ತಲೆ ಪೂರ್ತಿ ಕೇಳುವ ಇಂಥ ಕೆಲಸದಲ್ಲಿ ಗಮನ ಉಳಿಸಿಕೊಳ್ಳುವುದು ಹೇಗೆ ಅಂತ ನಾನು ತುಂಬಾ ವರ್ಷದಿಂದ ಯೋಚಿಸುತ್ತಾ ಬಂದಿದ್ದೇನೆ. ಯಾಕೆಂದರೆ ಇಲ್ಲಿ ಗಮನ ತಪ್ಪಿದರೆ ಅದರ ಕೆಳಗೆ ಮಲಗುವವರು ಬೇರೆಯವರು. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ ವಿಷಯ. ಗಮನ ಹೋಗದ ಹಾಗೆ ತಡೆಯುವುದಕ್ಕೆ ನಾವು ಬಹಳ ಶ್ರಮ ಹಾಕುತ್ತೇವೆ, ಹೋದ ಗಮನ ವಾಪಸ್ ಬರುವುದಕ್ಕೆ ಏನು ಬೇಕು ಅಂತ ಮಾತ್ರ ಯೋಚಿಸುವುದೇ ಇಲ್ಲ. ಬಾಗಿಲು ಹಾಕಿಕೊಳ್ಳುವುದು, ಫೋನ್ ಆಫ್ ಮಾಡುವುದು, ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಇದೆಲ್ಲ ತಡೆಯುವ ಕೆಲಸ. ವಾಪಸ್ ಬರುವ ಕೆಲಸ ಬೇರೆಯೇ. ಅದನ್ನು ಕಲಿಯಬಹುದು.

ಮೊದಲು ನನ್ನ ಲೆಕ್ಕ ಹೇಗಿರುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ಒಂದು ಘನ ಮೀಟರ್ ಕಾಂಕ್ರೀಟ್ ಅಂದರೆ ಸುಮಾರು 2,500 ಕೆಜಿ. ಐದಿಂಚಿನ ಸ್ಲ್ಯಾಬ್ ಅಂದುಕೊಂಡರೆ ಒಂದೊಂದು ಚದರ ಮೀಟರಿಗೂ 300 ಕೆಜಿಗಿಂತ ಜಾಸ್ತಿ ಭಾರ, ಅದೂ ಟೈಲ್ಸ್ ಹಾಕುವುದಕ್ಕೆ ಮುಂಚೆ. ಅದರ ಮೇಲೆ ಜನ, ಮಂಚ, ಬೀರು ಎಲ್ಲ ಸೇರಿ ವಾಸದ ಕೋಣೆಗೆ ಚದರ ಮೀಟರಿಗೆ 200 ಕೆಜಿ ಹಿಡಿಯಬೇಕು ಅನ್ನುತ್ತದೆ ಭಾರತೀಯ ಮಾನಕ. ಬಾಲ್ಕನಿಗೆ, ಮೆಟ್ಟಿಲಿಗೆ 300. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮೂರು ಮೀಟರ್ ಎತ್ತರ ಇದ್ದರೆ, ಉದ್ದದ ಒಂದೊಂದು ಮೀಟರಿಗೆ ಸುಮಾರು 1,300 ಕೆಜಿ. ಈ ಭಾರವೆಲ್ಲ ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಪಿಲ್ಲರಿಗೆ, ಪಿಲ್ಲರಿನಿಂದ ಪಾಯಕ್ಕೆ, ಪಾಯದಿಂದ ಮಣ್ಣಿಗೆ ಇಳಿಯುತ್ತದೆ. ನಮ್ಮ ಕಡೆ ಜಾಗ ಸಮತಟ್ಟು ಇರುವುದು ಕಡಿಮೆ, ಒಂದೇ ಮನೆಯ ಮುಂದಿನ ಪಿಲ್ಲರಿಗೂ ಹಿಂದಿನ ಪಿಲ್ಲರಿಗೂ ಒಂದಾಳು ಎತ್ತರದ ವ್ಯತ್ಯಾಸ ಇರುತ್ತದೆ, ಹಿಂದೆ ಮಣ್ಣು ತಡೆಯುವ ಗೋಡೆ ಬೇರೆ.

ಗುಣಾಕಾರ ಭಾಗಾಕಾರವನ್ನೆಲ್ಲ ಈಗ ಸಾಫ್ಟ್‌ವೇರ್ ಮಾಡುತ್ತದೆ. ಅದು ಕೂಡಿಸುವುದರಲ್ಲಿ ತಪ್ಪುವುದಿಲ್ಲ. ಆದರೆ ನಾನು ಹೇಳದೇ ಇದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಮನೆಯ ಯಜಮಾನರು ಹೋದ ವಾರ ಫೋನಿನಲ್ಲಿ, ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಒಂದಲ್ಲ, ಎರಡು ಇಡೋಣ ಅಂದಿರುತ್ತಾರೆ. ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಆ ಎರಡನೇ ಟನ್ ಯಾವ ಬೀಮಿನ ಮೇಲೆ ಕೂರುತ್ತದೆ ಅನ್ನುವುದು ನನ್ನ ತಲೆಯಲ್ಲಿ ಮಾತ್ರ ಇದೆ. ಕಂಪ್ಯೂಟರ್ ಬಂದ ಮೇಲೆ ನಮ್ಮ ಕೆಲಸ ಸುಲಭ ಆಯಿತು ಅನ್ನುತ್ತಾರೆ. ಲೆಕ್ಕ ಸುಲಭ ಆಗಿದೆ, ನಿಜ. ನೆನಪಿಟ್ಟುಕೊಳ್ಳುವುದು, ಎಲ್ಲಾ ಒಟ್ಟಿಗೆ ಹಿಡಿದುಕೊಳ್ಳುವುದು ಹಾಗೇ ಉಳಿದಿದೆ.

ಹಿಡಿದುಕೊಳ್ಳುವುದಕ್ಕೆ ನಮ್ಮ ತಲೆಯಲ್ಲಿ ಜಾಗ ಬಹಳ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು, ಮನುಷ್ಯ ಒಂದು ಸಲಕ್ಕೆ ಏಳರ ಆಸುಪಾಸು ಸಂಗತಿಗಳನ್ನು ನೆನಪಿನಲ್ಲಿ ಹಿಡಿಯಬಲ್ಲ ಅಂತ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಆವರೆಗಿನ ಅಧ್ಯಯನಗಳನ್ನೆಲ್ಲ ಮತ್ತೆ ನೋಡಿ, ನಿಜವಾಗಿ ಅದು ನಾಲ್ಕರ ಹತ್ತಿರ ಅಂದರು. ನಾಲ್ಕು! ಒಂದು ಬೀಮಿನ ಲೆಕ್ಕಕ್ಕೆ ನಾನು ಹಿಡಿಯಬೇಕಾದದ್ದು ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಹಾಗಾಗಿ ಕೂತ ತಕ್ಷಣ ಕೆಲಸ ಸಾಗುವುದಿಲ್ಲ. ಒಂದೊಂದೇ ಜೋಡಿಸಿಕೊಂಡು, ಒಂದಕ್ಕೊಂದು ಕಟ್ಟಿ, ನಿಧಾನಕ್ಕೆ ಇಡೀ ಮನೆ ತಲೆಯೊಳಗೆ ನಿಲ್ಲಬೇಕು. ಅದು ನಿಂತ ಮೇಲೆ ಕೆಲಸ ಓಡುತ್ತದೆ. ಆಗ ಬರುವ ಖುಷಿಯೇ ಬೇರೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತಿರುತ್ತದೆ, ಗಡಿಯಾರ ನೋಡುವುದೇ ಮರೆಯುತ್ತದೆ. ನಾನು ಈ ಕೆಲಸ ಬಿಡದೆ ಇರುವುದಕ್ಕೆ ಆ ಹೊತ್ತೇ ಕಾರಣ ಅಂದರೂ ತಪ್ಪಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಮೇಸ್ತ್ರಿ ಫೋನು ಬರುತ್ತದೆ.

"ಮೇಡಂ, ಹದಿನಾರು ಎಂಎಂ ಕಂಬಿ ಅಂಗಡೀಲಿ ಖಾಲಿ ಅಂತೆ. ಹನ್ನೆರಡರದ್ದು ಜಾಸ್ತಿ ಹಾಕಿ ಕಟ್ಟಿಬಿಡ್ಲಾ?"

ಗಮನದ ಬಗ್ಗೆ ಬರೆಯುವವರೆಲ್ಲ ಮೊದಲು ಹೇಳುವುದು ಫೋನ್ ಆಫ್ ಮಾಡಿ ಅಂತ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತನ್ನ ಉತ್ತರಕ್ಕೆ ಯಾರೂ ಕಾಯುತ್ತಿಲ್ಲ ಅನ್ನುವವರು ಆಫ್ ಮಾಡಬಹುದು. ಮೇಸ್ತ್ರಿ ಈ ಪ್ರಶ್ನೆ ಕೇಳುತ್ತಿರುವುದೇ ದೊಡ್ಡ ವಿಷಯ. ನಾನು ಫೋನ್ ಎತ್ತದೆ ಇದ್ದರೆ ಅವರು ತಮಗೆ ತೋಚಿದ ಹಾಗೆ ಕಟ್ಟಿಬಿಡುತ್ತಾರೆ, ಸಂಜೆಗೆ ಕಾಂಕ್ರೀಟ್ ಬಿದ್ದು ಮುಚ್ಚಿಹೋಗುತ್ತದೆ. ಸಿಮೆಂಟಿಗೆ ನೀರು ಬಿದ್ದ ಮೇಲೆ ಬಿಗಿಯುವುದಕ್ಕೆ ಶುರುವಾಗಲು ಕನಿಷ್ಠ 30 ನಿಮಿಷ ಇರಬೇಕು ಅನ್ನುತ್ತದೆ ನಮ್ಮ ಮಾನಕ. ಸೈಟಿನಲ್ಲಿ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ ಅಂತಿಟ್ಟುಕೊಂಡರೂ, ನನ್ನ ಏಕಾಗ್ರತೆ ಮುಗಿಯುವವರೆಗೆ ಅದು ಕಾಯುವುದಿಲ್ಲ. ಅಮ್ಮಂದಿರಿಗೆ, ನರ್ಸ್‌ಗಳಿಗೆ, ಲೈನ್‌ಮನ್‌ಗಳಿಗೆ, ಶಾಲೆ ಹೆಡ್‌ಮಾಸ್ಟರಿಗೆ ಎಲ್ಲರಿಗೂ ಇದೇ ಕಥೆ ಅಲ್ವಾ. ತಡೆ ಬಂದೇ ಬರುತ್ತದೆ, ಎಷ್ಟೋ ಸಲ ನ್ಯಾಯವಾಗಿಯೇ ಬರುತ್ತದೆ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಅಷ್ಟಾವಧಾನ. ನಮ್ಮೂರಿನಲ್ಲಿ ಅವಧಾನ ನಡೆದರೆ ನಾನು ಆದಷ್ಟು ತಪ್ಪಿಸುವುದಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ವೇದಿಕೆಯಲ್ಲಿ ಒಬ್ಬರು ಅವಧಾನಿ, ಸುತ್ತ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಅರ್ಥವಿಲ್ಲದ ಹಾಗೆ ಕಾಣುವ ಒಂದು ಸಾಲು ಕೊಟ್ಟು ಪದ್ಯ ಮಾಡಿ ಅನ್ನುತ್ತಾರೆ, ಅದು ಸಮಸ್ಯಾಪೂರಣ. ಇನ್ನೊಬ್ಬರು ನಾಲ್ಕು ಪದ ಕೊಟ್ಟು, ಸಾಲಿಗೊಂದರಂತೆ ಬರಬೇಕು ಅನ್ನುತ್ತಾರೆ, ಅದು ದತ್ತಪದಿ. ನಿಷೇಧಾಕ್ಷರಿಯವರು ಅವಧಾನಿ ಒಂದೊಂದು ಅಕ್ಷರ ಹೇಳುತ್ತಿದ್ದ ಹಾಗೆ ಮುಂದೆ ಇಂಥ ಅಕ್ಷರ ಬರಬಾರದು ಅಂತ ಅಡ್ಡ ಹಾಕುತ್ತಾ ಹೋಗುತ್ತಾರೆ. ಇದೆಲ್ಲದರ ಮಧ್ಯೆ ಅಪ್ರಸ್ತುತ ಪ್ರಸಂಗಿ ಅಂತ ಒಬ್ಬರು. ಅವರಿಗೆ ಕೆಲಸವೇ ಅಡ್ಡಿ ಮಾಡುವುದು. ಯಾವ ಗಳಿಗೆಯಲ್ಲಾದರೂ ಬಾಯಿ ಹಾಕಿ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಬಹುದು. ಅವಧಾನಿ ಅದಕ್ಕೂ ತಮಾಷೆಯಾಗಿ ಉತ್ತರ ಕೊಡಬೇಕು. ಕೊನೆಗೆ ಎಲ್ಲಾ ಪದ್ಯಗಳನ್ನೂ ಮೊದಲಿನಿಂದ ಪೂರ್ತಿಯಾಗಿ ಒಪ್ಪಿಸಬೇಕು. ಶತಾವಧಾನಿ ಆರ್. ಗಣೇಶ್ ಅವರು ಇಂಥ ಸಾವಿರಕ್ಕೂ ಹೆಚ್ಚು ಅಷ್ಟಾವಧಾನ ಮಾಡಿದ್ದಾರೆ. ಅವರು ಕಾಲೇಜಿನಲ್ಲಿ ಓದಿದ್ದು ಇಂಜಿನಿಯರಿಂಗ್ ಅನ್ನುವುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ.

ಜನ ಅವಧಾನ ನೋಡಿ ಏನು ನೆನಪಿನ ಶಕ್ತಿ ಅಂತ ಬೆರಗಾಗುತ್ತಾರೆ. ನಾನೂ ಬೆರಗಾದವಳೇ. ಆದರೆ ಆವತ್ತು ನಾನು ಬೇರೆ ಒಂದನ್ನು ಗಮನಿಸಿದೆ. ಅವಧಾನಿ ಇಂಥ ಪದ್ಯಗಳನ್ನು ಒಂದೇ ಏಟಿಗೆ ಮುಗಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಇಂಥ ಪದ್ಯ ಕೇಳಿದ ಒಬ್ಬೊಬ್ಬರಿಗೂ ಮೊದಲ ಸಾಲು, ಎರಡನೇ ಸುತ್ತಿನಲ್ಲಿ ಎರಡನೇ ಸಾಲು, ಹೀಗೆ ನಾಲ್ಕು ಸುತ್ತು. ಅಂದರೆ ಪ್ರತಿ ಪದ್ಯವನ್ನೂ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಬಿಡುವ ಜಾಗ ಮಾತ್ರ ಸಾಲಿನ ಕೊನೆ. ಸಾಲು ಮುಗಿದಿದೆ, ಛಂದಸ್ಸು ಕೂತಿದೆ, ಮುಂದಿನ ಸಾಲು ಯಾವ ಪದ ಹಿಡಿದು ಶುರುವಾಗಬೇಕು ಅನ್ನುವುದು ಹೆಚ್ಚು ಕಮ್ಮಿ ತೀರ್ಮಾನವಾಗಿದೆ. ಅಲ್ಲಿಗೆ ಬಿಟ್ಟು ಇನ್ನೊಬ್ಬರ ಕಡೆ ತಿರುಗುತ್ತಾರೆ. ಅಪ್ರಸ್ತುತ ಪ್ರಸಂಗಿ ಅವರನ್ನು ಎಷ್ಟು ದೂರ ಎಳೆದುಕೊಂಡು ಹೋದರೂ, ತಿರುಗಿ ಬರುವುದಕ್ಕೆ ಅಲ್ಲೊಂದು ಜಾಗ ಇರುತ್ತದೆ.

ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದಕ್ಕೆ ಹತ್ತಿರವಾದ ಒಂದು ವಿಷಯ ಬರೆದಿದ್ದಾರೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನ ಪೂರ್ತಿಯಾಗಿ ಹೋಗುವುದಿಲ್ಲ, ಒಂದಿಷ್ಟು ಹಿಂದಿನ ಕೆಲಸದಲ್ಲೇ ಅಂಟಿಕೊಂಡು ಉಳಿಯುತ್ತದೆ, ಆ ಅಂಟು ಹೊಸ ಕೆಲಸವನ್ನೂ ಕೆಡಿಸುತ್ತದೆ ಅಂತ. ಕೆಲಸ ಮುಗಿಯದೆ ಉಳಿದಾಗ ಈ ಅಂಟಿನ ಕಾಟ ಜಾಸ್ತಿ. ಆಮೇಲೆ 2018ರಲ್ಲಿ ಅವರೂ ಥೆರೆಸಾ ಗ್ಲೋಂಬ್ ಅನ್ನುವವರೂ ಸೇರಿ ಒಂದು ಸರಳ ಉಪಾಯವನ್ನು ಪರೀಕ್ಷೆ ಮಾಡಿದರು. ಕೆಲಸ ಅರ್ಧಕ್ಕೆ ಬಿಡುವ ಮುಂಚೆ, ಎಲ್ಲಿ ನಿಲ್ಲಿಸಿದೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು ಅಂತ ಒಂದು ನಿಮಿಷ ಬರೆದಿಡುವುದು. ಅಷ್ಟು ಮಾಡಿದವರಿಗೆ ಹಿಂದಿನ ಕೆಲಸದ ಅಂಟು ಕಡಿಮೆಯಾಯಿತು, ಮಧ್ಯೆ ಬಂದ ಕೆಲಸವನ್ನೂ ಅವರು ಚೆನ್ನಾಗಿ ಮಾಡಿದರು. ಇದನ್ನು ಓದಿದಾಗ ನನಗೆ ಅವಧಾನದ ಸಾಲಿನ ಕೊನೆಯೇ ನೆನಪಾಯಿತು.

ಈಗ ನನ್ನ ಕೀಬೋರ್ಡ್ ಪಕ್ಕ ಯಾವಾಗಲೂ ಒಂದು ಉದ್ದ ನೋಟ್‌ಬುಕ್ ತೆರೆದೇ ಇರುತ್ತದೆ. ಫೋನ್ ರಿಂಗಾದರೆ ಎತ್ತುವ ಮುಂಚೆ ಪೆನ್ ಎತ್ತಿಕೊಳ್ಳುತ್ತೇನೆ. ಬರೆಯುವುದು ಇಷ್ಟೇ: "ಬೀಮ್ 7. ಗೋಡೆ ಭಾರ ಸೇರಿದೆ. ಸ್ಲ್ಯಾಬ್ ಭಾರ ಎರಡೂ ಕಡೆಯಿಂದ ಸೇರಿದೆ. ಎರಡನೇ ಟ್ಯಾಂಕ್ ಇನ್ನೂ ಇಲ್ಲ. ಮುಂದೆ: ಟ್ಯಾಂಕಿನ ಭಾರ ಯಾವ ಕಡೆ ಇಳಿಯುತ್ತೆ ನೋಡು." ಮೂರ್ನಾಲ್ಕು ರಿಂಗ್ ಆಗುವುದರೊಳಗೆ ಮುಗಿಯುತ್ತದೆ. ಆಮೇಲೆ ಮೇಸ್ತ್ರಿಯವರ ಮಾತನ್ನು ಪೂರ್ತಿ ಮನಸ್ಸಿಟ್ಟು ಕೇಳುತ್ತೇನೆ. ಹದಿನಾರರ ಒಂದು ಕಂಬಿಯಷ್ಟು ಉಕ್ಕು ಬೇಕಾದರೆ ಹನ್ನೆರಡರದ್ದು ಎರಡು ಹಾಕಬೇಕು, ಆದರೆ ಅಷ್ಟೊಂದು ಕಂಬಿ ಆ ಅಗಲದಲ್ಲಿ ಜಲ್ಲಿ ಇಳಿಯುವಷ್ಟು ಸಂದಿ ಬಿಟ್ಟು ಕೂರುತ್ತವಾ ಅಂತ ನೋಡಿ ಹೇಳಬೇಕು. ಇದೂ ತಲೆ ಕೇಳುವ ಲೆಕ್ಕವೇ. ಒಂದು ಕಿವಿ ಬೀಮ್ 7ರ ಹತ್ತಿರ ಬಿಟ್ಟು ಇದನ್ನು ಹೇಳಲು ಆಗುವುದಿಲ್ಲ.

ಈ ಚೀಟಿಯಲ್ಲಿ ತುಂಬಾ ಮುಖ್ಯವಾದದ್ದು "ಇನ್ನೂ ಇಲ್ಲ" ಅನ್ನುವ ಭಾಗ. ಮಾಡಿದ್ದನ್ನು ಡ್ರಾಯಿಂಗ್ ನೋಡಿದರೆ ತಿಳಿಯುತ್ತದೆ. ಮಾಡದೆ ಇದ್ದದ್ದು ಎಲ್ಲೂ ಕಾಣುವುದಿಲ್ಲ. ಆದ್ದರಿಂದ ಅರ್ಧಕ್ಕೆ ಏಳುವಾಗ ಏನು ಬಿಟ್ಟಿದ್ದೇನೆ ಅನ್ನುವುದನ್ನೇ ಮೊದಲು ಬರೆಯಿರಿ ಅಂತ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಹೇಳುತ್ತೇನೆ.

ಮೇಸ್ತ್ರಿಯವರ ಜೊತೆಗೂ ಒಂದು ಒಪ್ಪಂದ ಆಗಿದೆ. ಬೇರೆ ದಿನ ಏನೇ ಇದ್ದರೂ ಮಧ್ಯಾಹ್ನ ಊಟದ ಹೊತ್ತಿಗೆ ಒಟ್ಟಿಗೆ ಕೇಳುತ್ತಾರೆ. ಮೋಲ್ಡ್ ಹಾಕುವ ದಿನ ಮಾತ್ರ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಆ ದಿನ ನಾನು ಹೊಸ ಡಿಸೈನ್ ಹಿಡಿಯುವುದೇ ಇಲ್ಲ, ಬಿಲ್ ಬರೆಯುವುದು, ಫೈಲ್ ಜೋಡಿಸುವುದು, ಇಂಥದ್ದನ್ನು ಇಟ್ಟುಕೊಳ್ಳುತ್ತೇನೆ. ಶನಿವಾರವೂ ಹೆಚ್ಚು ಕಮ್ಮಿ ಹಾಗೇ. ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳ ಹಾರ್ನ್ ಬೆಳಗ್ಗೆಯೇ ಶುರುವಾಗುತ್ತದೆ, ಅದರ ಜೊತೆ ಹೊಡೆದಾಡಿ ಪ್ರಯೋಜನವಿಲ್ಲ.

ಮನೆಯೊಳಗಿನ ತಡೆ ಇದಕ್ಕಿಂತ ಕಷ್ಟದ್ದು. ಇದನ್ನು ಹೆಣ್ಣುಮಕ್ಕಳು ಓದುತ್ತಿದ್ದರೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೇಲೇ ಇದ್ದೀಯಲ್ಲ ಅನ್ನುವ ಒಂದು ಮಾತಿದೆ. ಗ್ಯಾಸ್ ಸಿಲಿಂಡರ್ ಬಂದರೆ, ಕೊರಿಯರ್ ಬಂದರೆ, ನೀರು ಬಿಟ್ಟರೆ, ಮನೇಲೇ ಇದ್ದೀಯಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ನನ್ನ ಅತ್ತೆಯವರು ಪಾಪ, ಮೆಟ್ಟಿಲು ಹತ್ತಿ ಬಂದು "ಒಂದು ನಿಮಿಷ ಬಂದು ಹೋಗಮ್ಮಾ" ಅನ್ನುತ್ತಾರೆ. ಆ ಒಂದು ನಿಮಿಷ ನಿಜವಾಗಿಯೂ ಒಂದೇ ನಿಮಿಷ. ಆದರೆ ತಲೆಯೊಳಗೆ ನಿಂತಿದ್ದ ಮನೆ ಮತ್ತೆ ಪಾಯದಿಂದ ಏಳಬೇಕು. ಹೊರಗಿನಿಂದ ನೋಡುವವರಿಗೆ ನಾನು ಸುಮ್ನೆ ಪರದೆ ನೋಡುತ್ತಾ ಕೂತಿರುವ ಹಾಗೆ ಕಾಣುತ್ತದೆ, ಒಳಗೆ ಏನು ಕಟ್ಟುತ್ತಿದ್ದೇನೆ ಅಂತ ಅವರಿಗಾದರೂ ಹೇಗೆ ಗೊತ್ತಾಗಬೇಕು? ಒಂದು ದಿನ ಅತ್ತೆಯವರನ್ನು ಪಕ್ಕ ಕೂರಿಸಿಕೊಂಡು, ಒಂದು ಮನೆಯ ಭಾರ ಹೇಗೆ ಇಳಿಯುತ್ತದೆ ಅಂತ ಪರದೆ ಮೇಲೆ ತೋರಿಸಿದೆ. ಅವರು ತುಂಬಾ ಆಸಕ್ತಿಯಿಂದ ನೋಡಿದರು, ನಮ್ಮ ಹಳೇ ಮನೆಯ ತೊಲೆ ಯಾಕೆ ಅಷ್ಟು ದಪ್ಪ ಇತ್ತು ಅಂತ ಕೇಳಿದರು. ಆಮೇಲಿಂದ ಅವರು ಬಾಗಿಲಲ್ಲಿ ನಿಂತು ನಾನು ತಿರುಗುವವರೆಗೆ ಕಾಯುತ್ತಾರೆ. ನಾನು ಸಾಲು ಮುಗಿಸಿ ಬರೆದಿಟ್ಟು ಏಳುತ್ತೇನೆ. ನಮ್ಮ ಕೆಲಸ ಏನು ಅಂತ ಮನೆಯವರಿಗೆ ತೋರಿಸದೆ, ತೊಂದರೆ ಕೊಡಬೇಡಿ ಅಂತ ಮಾತ್ರ ಹೇಳಿದರೆ ಅದು ಅವರಿಗೆ ಬೈದ ಹಾಗೆ ಕೇಳಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ಡಿಸೈನ್ ಮಾಡುವ ಬಗ್ಗೆ. ಚೆಕ್ ಮಾಡುವ ಕೆಲಸ ಬೇರೆ ಜಾತಿಯದು, ಎರಡನ್ನೂ ಒಂದೇ ಥರ ನೋಡಬಾರದು. ಬೇರೆಯವರು ಮಾಡಿದ ಡ್ರಾಯಿಂಗ್ ನನ್ನ ಹತ್ತಿರ ಚೆಕಿಂಗಿಗೆ ಬರುತ್ತದೆ. ಅಲ್ಲಿ ಬಹುಪಾಲು ಎಲ್ಲಾ ಸರಿಯೇ ಇರುತ್ತದೆ. ಸರಿ, ಸರಿ, ಸರಿ ಅಂತ ಹೋಗುವಾಗ ಎಲ್ಲೋ ಒಂದು ಕಡೆ ಬಾಲ್ಕನಿಯ ಮುಖ್ಯ ಕಂಬಿ ಕೆಳಗಡೆ ತೋರಿಸಿರುತ್ತಾರೆ. ಗೋಡೆಯಿಂದ ಆಚೆ ಚಾಚಿಕೊಂಡ ಬಾಲ್ಕನಿ ಬಾಗಿದಾಗ ಎಳೆತ ಬೀಳುವುದು ಮೇಲ್ಭಾಗಕ್ಕೆ, ಕಂಬಿ ಮೇಲೇ ಇರಬೇಕು. ಕೆಳಗಿದ್ದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಅಪಾಯ. ಇಂಥ ಒಂದು ಗೆರೆಯನ್ನು ಹಿಡಿಯುವುದಕ್ಕೆ ನೂರಾರು ಸರಿಯಾದ ಗೆರೆಗಳನ್ನು ಅಷ್ಟೇ ಎಚ್ಚರದಿಂದ ನೋಡಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ರಾಡಾರ್ ನೋಡುವವರಿಗೆ ಇದೇ ಕಷ್ಟ ಇತ್ತು. ಗಂಟೆಗಟ್ಟಲೆ ಖಾಲಿ ಪರದೆ, ಎಲ್ಲೋ ಒಮ್ಮೆ ಒಂದು ಚುಕ್ಕೆ. ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ ಅದಕ್ಕಾಗಿ ಒಂದು ಗಡಿಯಾರ ಮಾಡಿಸಿದರು. ಮುಳ್ಳು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಇಡುತ್ತದೆ, ಅಪರೂಪಕ್ಕೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು. ಎರಡು ಗಂಟೆ ಕೂರಿಸಿ ನೋಡಿದರೆ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಆ ಹಾರುವಿಕೆಯನ್ನು ಜಾಸ್ತಿ ತಪ್ಪಿಸಿಕೊಳ್ಳತೊಡಗಿದ್ದರು. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರೆಲ್ಲ ಸೋಮಾರಿಗಳಾಗಿರಲಿಲ್ಲ. ಅಪರೂಪದ ತಪ್ಪಿಗಾಗಿ ಕಾಯುವ ಗಮನ ಬೇಗ ಸವೆಯುತ್ತದೆ, ಅಷ್ಟೇ. ಹಾಗಾಗಿ ಡಿಸೈನ್‌ಗೆ ನಾನು ಬೆಳಗ್ಗೆ ಉದ್ದವಾದ ಹೊತ್ತು ಇಟ್ಟುಕೊಂಡರೆ, ಚೆಕಿಂಗನ್ನು ಅರ್ಧರ್ಧ ಗಂಟೆಯ ತುಂಡು ಮಾಡುತ್ತೇನೆ, ಮಧ್ಯೆ ಎದ್ದು ಓಡಾಡುತ್ತೇನೆ. ಒಂದೊಂದು ಸುತ್ತಿನಲ್ಲಿ ಒಂದೇ ವಿಷಯ ಹುಡುಕುತ್ತೇನೆ. ಒಂದು ಸುತ್ತು ಬಾಲ್ಕನಿ, ಸಜ್ಜಾ ಮಾತ್ರ. ಇನ್ನೊಂದು ಸುತ್ತು ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗ್‌ಗಳ ಅಂತರ ಮಾತ್ರ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕಣ್ಣು ಯಾವುದನ್ನೂ ನೋಡುವುದಿಲ್ಲ.

ಕಾಫಿ ಬಗ್ಗೆ ಬರೆಯದಿದ್ದರೆ ಈ ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ಕಾಫಿ ಎಚ್ಚರ ಕೊಡುತ್ತದೆ, ನಿಜ. ದಣಿವಾಗಿದೆ ಅಂತ ಮಿದುಳಿಗೆ ಹೇಳುವ ಅಡಿನೋಸಿನ್ ಅನ್ನುವ ರಾಸಾಯನಿಕಕ್ಕೆ ಕೆಫೀನ್ ಅಡ್ಡ ನಿಲ್ಲುತ್ತದೆ. ದಣಿವು ಹೋಗುವುದಿಲ್ಲ, ಗೊತ್ತಾಗದೆ ಇರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗುವುದಕ್ಕೇ ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆ ಕುಡಿದದ್ದು ರಾತ್ರಿಯ ನಿದ್ದೆಗೆ ಬಂದು ಕೂರುತ್ತದೆ, ಮರುದಿನದ ಬೀಮು ಅದರ ಬೆಲೆ ಕೊಡುತ್ತದೆ. ಮಧ್ಯಾಹ್ನದ ಮೇಲೆ ನಾನು ಕುಡಿಯುವುದಿಲ್ಲ. ಮನೆಗೆ ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ಅದು ಬೇರೆ ಮಾತು.

ಇನ್ನೊಂದು ಮಾತು ಇಲ್ಲಿ ಆಗಾಗ ಕೇಳುತ್ತೇನೆ. ಬೇಲೂರು ನೋಡಿ, 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಎಂಥ ಏಕಾಗ್ರತೆಯಿಂದ ಕೆತ್ತಿದ್ದಾರೆ, ಈಗಿನವರಿಗೆ ಎಲ್ಲಿದೆ ಆ ತಪಸ್ಸು ಅಂತ. ಬೇಲೂರಿನ ಮುಂದೆ ನಿಂತರೆ ನನಗೂ ಮಾತು ನಿಲ್ಲುತ್ತದೆ. ಆದರೆ ಅಲ್ಲಿನ ಶಿಲ್ಪಗಳ ಪೀಠದಲ್ಲಿ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ಜನ. ಇಂಥದ್ದು ಇಂಥವರದ್ದು ಅಂತ ಕೆಲಸ ಹಂಚಿಕೆಯಾಗಿತ್ತು. ಅಪ್ಪನ ಪಕ್ಕದಲ್ಲಿ ಮಗ ಕೆತ್ತುತ್ತಿದ್ದ. ಒಂದು ಕೆಲಸಕ್ಕೆ ಒಬ್ಬರು, ಅವರ ಜೊತೆಗೆ ಇನ್ನಷ್ಟು ಕೈಗಳು. ಆ ಏರ್ಪಾಡನ್ನು ಬಿಟ್ಟು ತಪಸ್ಸನ್ನು ಮಾತ್ರ ಹೊಗಳಿದರೆ, ಇವತ್ತು ಒಬ್ಬರೇ ಕೂತು ಫೋನು, ಮನೆ, ಮಕ್ಕಳು, ಲೆಕ್ಕ ಎಲ್ಲಾ ನೋಡಿಕೊಳ್ಳುವವರಿಗೆ ಅನ್ಯಾಯ ಮಾಡಿದ ಹಾಗೆ. ಅವರ ಮನಸ್ಸು ದುರ್ಬಲ ಅಂತ ನಾನು ಒಪ್ಪುವುದಿಲ್ಲ.

ಈ ಚೀಟಿ ಬರೆಯುವ ಉಪಾಯಕ್ಕೂ ಒಂದು ಮಿತಿ ಇದೆ, ಅದನ್ನು ಹೇಳಲೇಬೇಕು. ಮಾವನವರು ಆಸ್ಪತ್ರೆಯಲ್ಲಿದ್ದಾಗ ಚೀಟಿ ಏನೂ ಮಾಡಲಿಲ್ಲ. ಆಗ ತಡೆ ಹೊರಗಿನಿಂದ ಬರುತ್ತಿರಲಿಲ್ಲ. ಯಾರೂ ಕರೆಯದೆ ಇದ್ದಾಗಲೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಎಲ್ಲಿ ನಿಲ್ಲಿಸಿದ್ದೆ ಅಂತ ಬರೆದದ್ದನ್ನು ಓದಿದರೆ ಅರ್ಥವಾಗುತ್ತಿತ್ತು, ಆದರೆ ಇಡೀ ಮನೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ನನ್ನ ಕೈಯಲ್ಲಿದ್ದ ಎರಡು ಮನೆಗಳ ಲೆಕ್ಕವನ್ನು ಹಾಸನದಲ್ಲಿರುವ ಗೆಳತಿಗೆ ಕೊಟ್ಟೆ. ನೋಟ್‌ಬುಕ್ಕಿನ ಹಾಳೆಗಳ ಫೋಟೋ ತೆಗೆದು ಕಳಿಸಿದೆ. ಅವಳು ಓದಿ, ಒಂದೇ ಒಂದು ಫೋನ್ ಮಾಡಿದಳು. "ಬೀಮ್ 4ರಲ್ಲಿ ಇನ್ನೂ ಇಲ್ಲ ಅಂತ ಬರೆದಿದ್ದೀಯಲ್ಲ, ಅದು ಮೆಟ್ಟಿಲಿನ ಭಾರ ತಾನೇ?" ಹೌದು ಅಂದೆ. ಅಲ್ಲಿಂದ ಮುಂದಕ್ಕೆ ಅವಳೇ ಮುಗಿಸಿದಳು, ಡ್ರಾಯಿಂಗ್ ನೇರವಾಗಿ ಮೇಸ್ತ್ರಿಯವರಿಗೆ ಹೋಯಿತು.